ಹನ್ನೊಂದು ಮಿಲಿಮೀಟರ್

ಐಮಂಗಲದಾಚೆ, ಹೆದ್ದಾರಿಯ ಮಗ್ಗುಲಿಗೆ
ನಮ್ಮ ತಗಡಿನ ಶೆಡ್ಡು.
ಒಳಗೆ ಮಿಡಿಸೌತೆ, ವಿನಿಗರಿನ ಘಾಟು,
ಮೂವತ್ತೆರಡು ಹೆಂಗಸರು.
ನಾನು ಕಾಗದದವಳು.
ಡ್ರಮ್ಮಿನ ನಂಬರು, ಸೀಲಿನ ನಂಬರು, ಲಾರಿಯ ನಂಬರು ಬರೆದು
ಕಡೆಗೆ ಒಂದು ದೇಶದ ಹೆಸರು ಬರೆಯುತ್ತೇನೆ:
ಸ್ಲೊವೇನಿಯಾ.

ಎಷ್ಟು ದೊಡ್ಡದು, ಕೇಳಿದಳು ಗಾದ್ರಮ್ಮ.
ಫೋನಿನಲ್ಲಿ ನಕ್ಷೆ ತೆಗೆದು ಅಳೆದೆ.
ದುರ್ಗದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ
ಹುಬ್ಬಳ್ಳಿಯಲ್ಲಿ ಇಳಿದು ಚಾ ಕುಡಿಯುವಷ್ಟರಲ್ಲಿ
ದೇಶ ಮುಗಿದಿರುತ್ತದೆ, ಎಂದೆ.
"ಅಯ್ಯ, ಅಷ್ಟೇಯಾ!
ಅಷ್ಟು ಜನಕ್ಕೆ ಇಷ್ಟು ಉಪ್ಪಿನಕಾಯಾ?"
ಎಲ್ಲ ಅಲ್ಲೇ ಉಣ್ಣಲ್ಲ ಕಣಕ್ಕ, ಅದು ಬರೀ ಬಾಗಿಲು,
ಹಡಗು ನಿಲ್ಲುವ ಊರು ಕೋಪರ್.
"ಕೋಪ ಮಾಡ್ಕಂಡಿರೋ ಊರಾ?"
ತಗಡು ಅದುರುವಂತೆ ನಕ್ಕರು ಅವತ್ತು.

ಚೆನ್ನೈವರೆಗೆ ದಾದಾಪೀರನ ಲಾರಿ.
ಹದಿನೇಳು ಸಲ ಹೋಗಿದ್ದಾನೆ, ಸಮುದ್ರ ಕಂಡಿಲ್ಲ.
ಗೋಡೆ, ಗೇಟು, ಪಾಸು, ಎರಡು ರಾತ್ರಿಯ ಸಾಲು,
ಆಮೇಲೆ ಖಾಲಿ ಗಾಡಿ, ವಾಪಸು.
ಆ ತುದಿಯಲ್ಲಿ ಇನ್ನೊಬ್ಬ ಡ್ರೈವರ್ ಇದ್ದಾನೆ.
ಬೊಯಾನ್.
ಅವನ ಸಹಿ ಮಾತ್ರ ನನಗೆ ಗೊತ್ತು,
ಇಳಿಜಾರಿನಲ್ಲಿ ಬ್ರೇಕ್ ಹಾಕಿದಂತೆ
ಕೊನೆಯಲ್ಲಿ ಎಳೆದುಕೊಂಡು ಹೋಗಿ ನಿಲ್ಲುತ್ತದೆ.

ಮಾರ್ಚಿಯಲ್ಲಿ ಒಂದು ಮೇಲ್ ಬಂತು.
ಡ್ರಮ್ ನಾಲ್ಕುನೂರಾ ಹದಿನೇಳು.
ಅನ್ಯ ವಸ್ತು. ಗಾಜು. ಹಸಿರು. ತುಸು ಬಾಗಿದೆ.
ಹನ್ನೊಂದು ಮಿಲಿಮೀಟರ್.
ಜೊತೆಗೊಂದು ಫೋಟೋ:
ಬಿಳೀ ಬಟ್ಟೆ, ಪಕ್ಕಕ್ಕೆ ಅಳತೆಪಟ್ಟಿ,
ನಡುವೆ ಬಳೆಯ ಚೂರು
ಸತ್ತವರನ್ನು ಮಲಗಿಸಿದ ಹಾಗೆ.
ಕಂಟೇನರ್ ಪೂರಾ ತಿರಸ್ಕೃತ.

ಯಾರದು ಎಂದು ಮ್ಯಾನೇಜರ್ ಕೂಗಾಡುವ ಮೊದಲೇ
ನನ್ನ ರಿಜಿಸ್ಟರಿಗೆ ಗೊತ್ತಿತ್ತು.
ನಾಲ್ಕನೇ ಟೇಬಲ್ಲು, ಪಾಲಮ್ಮ.
ಏಳು ತಿಂಗಳು. ಆ ವಾರವೇ ಕುಬುಸ ಮಾಡಿದ್ದರು,
ಮುಂಗೈ ತುಂಬ ಹಸಿರು ಏರಿಸಿಕೊಂಡು ಬಂದಿದ್ದಳು,
ಕಾಯಿ ಆರಿಸುವಾಗೆಲ್ಲ ಸದ್ದು.
ಫಾರ್ಮಿನಲ್ಲಿ 'ಮೂಲ ಕಾರಣ' ಎಂಬ ಖಾನೆ.
ಕುಬುಸವನ್ನು ಇಂಗ್ಲಿಷಿಗೆ ತರಲಾಗದೆ
'ಆಭರಣ' ಎಂದು ಬರೆದು ಕಳಿಸಿದೆ.

ಮರುದಿನ ಗೇಟಿನ ಒಳಗೋಡೆಗೆ
ಮೂವತ್ತೆರಡು ಮೊಳೆ ಹೊಡೆಸಿದರು.
ಬಳೆ ಕಳಚಿ ಒಳಗೆ ಬರಬೇಕು.
ಬರಿಗೈ ನೋಡಿಕೊಂಡು ಮಾರಕ್ಕ ಏನೂ ಅನ್ನಲಿಲ್ಲ,
ಸೆರಗಿನೊಳಗೆ ಎಳೆದುಕೊಂಡಳು.
ಗಾದ್ರಮ್ಮ ಹಸಿರು ನೂಲು ಸುತ್ತಿಕೊಂಡು ಬಂದಳು,
ಅದನ್ನೂ ಬಿಚ್ಚಿಸಿದರು.
ಪಾಲಮ್ಮ ತೆಗೆಯುವಂತಿಲ್ಲ, ಹೆರಿಗೆಯಾಗುವ ತನಕ.
ಅವಳನ್ನು ಹೊರಗೆ ಚೀಲ ಹೊಲಿಯಲು ಹಾಕಿದರು,
ದಿನಕ್ಕೆ ನಲವತ್ತು ರೂಪಾಯಿ ಕಡಿಮೆ.
ಆ ಆರ್ಡರು ಟೈಪ್ ಮಾಡಿದವಳೂ ನಾನೇ.

ಫೋಟೋ ತೋರಿಸು ಅಕ್ಕ, ಎಂದಳು.
ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ
ಬಹಳ ಹೊತ್ತು ನೋಡಿದಳು.
"ನಂದೇ. ನಮ್ಮವ್ವ ಹಟ್ಟಿ ಸಂತೇಲಿ ತಂದಿದ್ದು."
ಆಮೇಲೆ, ತುಸು ಜಂಬದಲ್ಲೇ:
"ನಾವ್ಯಾರೂ ಹೋಗದ ಕಡೆಗೆ ಹೋಗೈತೆ ನೋಡು."
ವಾಪಸ್ ಕಳಿಸ್ತಾರಾ ಅಂತಲೂ ಕೇಳಿದಳು.
ಸುಂಕದ ಪಟ್ಟಿ ತಿರುವಿದೆ.
ಗಾಜಿನ ಬಳೆಗೆ ಒಂದು ಕೋಡು ಇದೆ.
ಚೂರಿಗೆ ಇಲ್ಲ.

ಜೂನಿನ ಕಂಟೇನರಿಗೆ ಬೊಯಾನನ ಸಹಿ ಬಂತು,
ಷರಾದಲ್ಲಿ ಒಂದೇ ಸಾಲು: ಏನೂ ಸಿಗಲಿಲ್ಲ.
ಮ್ಯಾನೇಜರ್ ಪೇಡ ಹಂಚಿದರು.

ಈಗ ಲಾರಿ ತುಂಬಿ ಹೊರಡುವ ಸಂಜೆ
ಟನ್ನುಗಟ್ಟಲೆ ಭಾರ ಗೇಟು ದಾಟುವಾಗ
ನೆಲ ಸಣ್ಣಗೆ ನಡುಗುತ್ತದೆ,
ಮೊಳೆಗೆ ಮೊಳೆಗೆ ತೂಗಿಬಿಟ್ಟ ಬಳೆಗಳೆಲ್ಲ
ತಮ್ಮಷ್ಟಕ್ಕೆ ಗಲ್ಲೆನ್ನುತ್ತವೆ.
ದಾದಾಪೀರ್ ಅಲ್ಲಿ ಹಾರನ್ ಹೊಡೆಯುವುದಿಲ್ಲ.
ಕಿಟಕಿ ಇಳಿಸಿ, ಮೊದಲ ಗೇರಿನಲ್ಲೇ
ಹೆದ್ದಾರಿಯವರೆಗೆ ಹೋಗುತ್ತಾನೆ.